ಸುಶೀಲಮ್ಮನವರ ಪೋಲೆಂಡ್

ಪೋಲೆಂಡಿನ ಹೆಸರೆತ್ತಿದರೆ ಸಾಕು, ಸುಶೀಲಮ್ಮನವರ ದನಿ ಏರುತ್ತಿತ್ತು. ಆ ದೇಶವನ್ನು ಅವರು ಕಣ್ಣಾರೆ ಕಂಡವರಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಹತ್ತಿದ ಹುಚ್ಚು ಅದು. ಅಬುಧಾಬಿಯ ಖಲೀಫಾ ಸಿಟಿಯ ಶಾಲೆಯೊಂದರಲ್ಲಿ ಹನ್ನೆರಡು ವರ್ಷ ಇತಿಹಾಸ ಕಲಿಸಿದ ಮೇಲೂ ಇಳಿದಿರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಎಂಬ ಮೂವರು ನೆರೆಯವರು ಸೇರಿ ಇಡೀ ಒಂದು ದೇಶವನ್ನು ಹೋಳಿಗೆ ಹರಿದ ಹಾಗೆ ಹರಿದು ಹಂಚಿಕೊಂಡರಲ್ಲ, ಆಮೇಲೆ ಆ ಜನ ಏಳುವುದು, ಬೀಳುವುದು, ಮತ್ತೆ ಏಳುವುದು, ಅದನ್ನು ಹೇಳುವಾಗ ಅವರೇ ಕುದುರೆ ಹತ್ತಿ ಕತ್ತಿ ಹಿರಿದವರಂತೆ ಕಾಣುತ್ತಿದ್ದರು. ಅವರು ಯಾವತ್ತೂ ಕುದುರೆಯ ಮೇಲೆ ಕೂತವರ ಪಕ್ಷವೇ. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವರು ಕೇಳುತ್ತಲೂ ಇರಲಿಲ್ಲ.

ಆ ನವೆಂಬರಿನಲ್ಲಿ ಹನ್ನೊಂದನೆಯ ತರಗತಿಗೆ ೧೮೪೬ರ ಪಾಠ ಬಂತು. ಆಸ್ಟ್ರಿಯಾದ ಕೈಯಲ್ಲಿದ್ದ ಗಲೀಷಿಯಾ ಸೀಮೆಯಲ್ಲಿ ಪೋಲಿಷ್ ಜಮೀನ್ದಾರರು ಸ್ವಾತಂತ್ರ್ಯಕ್ಕಾಗಿ ದಂಗೆ ಏಳಲು ಹೊರಟರು. ಬಿಟ್ಟಿ ದುಡಿಯುತ್ತಿದ್ದ ರೈತರನ್ನೂ ಜೊತೆಗೆ ಕರೆದರು. ರೈತರು ಕುಡುಗೋಲು ಹಿಡಿದುಕೊಂಡೇ ಬಂದರು. ಬಂದು ಧಣಿಗಳನ್ನೇ ಕಡಿದರು, ಉಳಿದವರ ಕೈಕಾಲು ಕಟ್ಟಿ ಗಾಡಿಗೆ ಹೇರಿ ಆಸ್ಟ್ರಿಯಾದ ಕಚೇರಿಗೆ ಒಪ್ಪಿಸಿದರು.

ಮುಂದಿನ ಬೆಂಚಿನ ಹಿತಾ ಕೈಯೆತ್ತಿದಳು. "ಬಟ್ ಮ್ಯಾಮ್, ದೇ ವರ್ ಆಲ್ಸೋ ಪೋಲಿಷ್, ನೋ?"

ಸುಶೀಲಮ್ಮನವರಿಗೆ ಇಂಥ ಪ್ರಶ್ನೆ ಎಂದರೆ ಹಬ್ಬ. ಚಕ್ರವರ್ತಿ ಎಲ್ಲೋ ವಿಯೆನ್ನಾದಲ್ಲಿದ್ದ, ಧಣಿಯ ಚಾವಟಿ ಮಾತ್ರ ಬೆನ್ನ ಹಿಂದೆಯೇ ಇತ್ತು ಎಂದರು. ತಲೆಮಾರುಗಟ್ಟಲೆ ರೈತನನ್ನು ಮನುಷ್ಯನೆಂದು ಎಣಿಸದವನು ಬಂದೂಕು ಎತ್ತುವ ಹೊತ್ತಿಗೆ ಬಂದು "ನಾವೆಲ್ಲ ಒಂದೇ" ಎಂದರೆ ಯಾರು ನಂಬುತ್ತಾರೆ, ನೀವೇ ಹೇಳಿ ಎಂದರು. ಮಕ್ಕಳು ಬಾಯಿ ತೆರೆದು ಕೇಳಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಅದು ಅವರಿಗೆಂದೇ ಹುಟ್ಟಿದ ಗಾದೆ.

ಏಕೆಂದರೆ ಅದೇ ಹೊತ್ತಿಗೆ ಅವರೂ ಒಂದು ದಂಗೆ ಹೂಡುತ್ತಿದ್ದರು. ಏಪ್ರಿಲ್‌ನಲ್ಲಿ ಹೊಸ ಪ್ರಿನ್ಸಿಪಾಲರು ಬಂದಿದ್ದರು, ಮೆಹರುನ್ನಿಸ ಅಂತ, ಭಟ್ಕಳದ ಕಡೆಯವರು. ಮಾತು ಕಡಿಮೆ, ಆರ್ಡರು ಜಾಸ್ತಿ. ಬಂದವರೇ ಮಾಡಿದ ಕೆಲಸವೆಂದರೆ, ಟೀಚರುಗಳು ಸರದಿಯ ಮೇಲೆ ಮಧ್ಯಾಹ್ನದ ಶಾಲಾ ಬಸ್ಸಿನಲ್ಲಿ ಮಕ್ಕಳ ಜೊತೆ ಹೋಗಿಬರಬೇಕು ಎಂದದ್ದು. ಅಲ್ಲಿಯವರೆಗೆ ಅದು ಆಯಾಗಳ ಕೆಲಸ. ಆಯಾಗಳಿಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಸಿಗಲಿ ಎಂಬುದು ಪ್ರಿನ್ಸಿಪಾಲರ ಲೆಕ್ಕ. ಸ್ಟಾಫ್ ರೂಮಿನಲ್ಲಿ ಬೆಂಕಿ ಬಿತ್ತು. ಡಬಲ್ ಎಂ.ಎ. ಮಾಡಿ, ಒಂದನೇ ಕ್ಲಾಸಿನ ಮಗುವಿನ ಸೀಟ್ ಬೆಲ್ಟ್ ಹಾಕುವುದೇ? ವಾಂತಿ ಒರೆಸುವುದೇ? ಸುಶೀಲಮ್ಮನವರ ಬಾಯಲ್ಲಿ ಮೆಹರುನ್ನಿಸ ಅಂದಿನಿಂದ ಚಕ್ರವರ್ತಿಯೇ ಆಗಿಹೋದರು.

ಇಲ್ಲಿ ಮುಷ್ಕರ ಎಂಬ ಮಾತನ್ನೇ ಆಡುವಂತಿಲ್ಲ. ಅದಕ್ಕೇ ಉಪಾಯ ಹೂಡಿದರು. ಶಾಲೆ ನಡೆಸುವ ಟ್ರಸ್ಟಿನ ಅಧ್ಯಕ್ಷರು ನೋಡಲು ಬರುವ ಗುರುವಾರ ಟೀಚರುಗಳು ಯಾರೂ ಬಸ್ಸು ಹತ್ತುವುದಿಲ್ಲ. ಆಯಾಗಳೂ ಹತ್ತಬಾರದು. ಆಯಾನೋ ಟೀಚರೋ ಒಬ್ಬರು ಜೊತೆಗಿಲ್ಲದೆ ಶಾಲಾ ಬಸ್ಸು ಗೇಟು ದಾಟುವಂತಿಲ್ಲ, ಅದು ಸರ್ಕಾರದ ನಿಯಮ. ಸಾಲಾಗಿ ನಿಂತ ಬಸ್ಸುಗಳನ್ನೂ ಅಳುವ ಮಕ್ಕಳನ್ನೂ ನೋಡಿದರೆ ಅಧ್ಯಕ್ಷರು ತಾವಾಗಿಯೇ ಆ ಆರ್ಡರನ್ನು ಹರಿದು ಹಾಕುತ್ತಾರೆ. ಫಿಸಿಕ್ಸಿನ ಡೆಬೊರಾ "ಸೂಪರ್ ಐಡಿಯಾ" ಎಂದಳು. ಆಯಾಗಳು ಒಪ್ಪುತ್ತಾರೋ ಎಂದು ಯಾರೋ ಕೇಳಿದ್ದಕ್ಕೆ ಸುಶೀಲಮ್ಮ ನಕ್ಕರು.

ಆಯಾಗಳಿಗೆಲ್ಲ ಎಲ್ಸಿಯೇ ಹಿರಿಯಳು. ಉಡುಪಿ ಕಡೆಯ ಶಿರ್ವದವಳು, ಒರಟು ಕೈ, ನೇರ ಮಾತು. ಎಲ್ಸಿ ಹೂಂ ಅಂದರೆ ಮಿಕ್ಕವರೂ ಹೂಂ.

"ಅವಳನ್ನ ಚೆನ್ನಾಗಿ ಮಾತಾಡಿಸು," ಎಂದರು ಮನೆಯಲ್ಲಿ ಗಂಡ ಶ್ರೀನಿವಾಸಮೂರ್ತಿ. ನಿವೃತ್ತರಾಗಿ ಹೆಂಡತಿಯ ವೀಸಾದ ಮೇಲೆ ಇಲ್ಲಿದ್ದ ಅವರಿಗೆ ಬುದ್ಧಿ ಹೇಳುವ ಪುರಸೊತ್ತು ಜಾಸ್ತಿ. "ಕೆಲಸ ಆಗಬೇಕಾದ್ರೆ ಕತ್ತೆ ಕಾಲಾದ್ರೂ ಹಿಡೀಬೇಕು ಕಣೇ."

"ಕಾಲು ಹಿಡಿಯೋದೇನೂ ಬೇಡ ಬಿಡ್ರೀ. ಒಂದು ಟೀ ಕೊಟ್ರೆ ಸಾಕು, ಜನ್ಮ ಪೂರ್ತಿ ನೆನೀತಾರೆ."

ಆ ಟೀ ಏನೋ ಆಯಿತು. ಮಂಗಳವಾರ ಸುಶೀಲಮ್ಮ ಮನೆಯಿಂದ ಕೋಡುಬಳೆ ಮಾಡಿಕೊಂಡು ಹೋದರು, ದಾರಿಯಲ್ಲಿ ಸೂಪರ್‌ಮಾರ್ಕೆಟ್ಟಿಗೆ ನುಗ್ಗಿ ಒಂದು ಕಟ್ಟು ಪೇಪರ್ ಕಪ್ಪುಗಳನ್ನೂ ಕೊಂಡರು. ನೆಲ ಒರೆಸಲಷ್ಟೇ ಸ್ಟಾಫ್ ರೂಮಿಗೆ ಬರುತ್ತಿದ್ದ ಹೆಂಗಸರನ್ನು ಮೊದಲ ಸಲ ಕುರ್ಚಿಯ ಮೇಲೆ ಕೂರಿಸಿದರು. ಅವರು ಕುರ್ಚಿಯ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಎಬ್ಬಿಸಿಯಾರು ಎಂಬಂತೆ ಕೂತರು. ಟೀಚರುಗಳಿಗೆ ಅವರವರ ಹೆಸರು ಬರೆದ ಪಿಂಗಾಣಿ ಮಗ್ಗಿನಲ್ಲಿ ಟೀ ಬಂತು. ಆಯಾಗಳಿಗೆ ಪೇಪರ್ ಕಪ್ಪಿನಲ್ಲಿ ಬಂತು. ಸುಶೀಲಮ್ಮನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಹೇಳಲೇಬೇಕು. ಮೈಸೂರಿನ ಮನೆಯಲ್ಲೂ ಹೊರಗಿನವರಿಗೆ ಬೇರೆ ಲೋಟ. ಅದು ಅವರಿಗೆ ಗಾಳಿಯಷ್ಟು ಸಹಜ. ಇಲ್ಲಿ ಹೊಸ ಬಿಳಿ ಕಪ್ಪು ಕೊಂಡು ತಂದದ್ದು ತಮ್ಮ ದೊಡ್ಡತನವೆಂದೇ ಅವರು ತಿಳಿದಿದ್ದರು.

ಎಲ್ಸಿ ಕಪ್ಪನ್ನು ನೋಡಿದಳು. ಮಗ್ಗುಗಳ ಕಡೆ ನೋಡಿದಳು.

"ಟೀಚರ್, ಆ ಮಗ್ ಎಲ್ಲ ದಿನಾ ತೊಳಿಯುದು ನಾನೇ ಅಲ್ವಾ? ಒಳ್ಳೆ ಕ್ಲೀನ್ ಉಂಟು."

ಸುಶೀಲಮ್ಮ ನಕ್ಕುಬಿಟ್ಟರು. "ಅಯ್ಯೋ, ಇವತ್ತೊಂದಿನ ನಿಮಗೆ ತೊಳಿಯೋ ಕೆಲಸ ತಪ್ಪಲಿ ಅಂತ ಎಲ್ಸಿ! ಕುಡೀರಿ, ಕುಡೀರಿ." ಹನ್ನೆರಡು ವರ್ಷ "ನೀನು" ಎಂದವರು ಅವತ್ತು "ನೀವು" ಎಂದದ್ದನ್ನು ಎಲ್ಲರೂ ಗಮನಿಸಿದರು. ಇನ್ನೊಬ್ಬ ಆಯಾ, ಚಾಮರಾಜನಗರದ ಪುಟ್ಟಮ್ಮ, ತನ್ನ ಕಪ್ಪನ್ನು ಕುಡಿಯದೆ ಕಾಲ ಬಳಿ ಇಟ್ಟಳು.

ಸುಶೀಲಮ್ಮ ಭಾಷಣಕ್ಕೆ ಇಳಿದರು. ನಾವೆಲ್ಲ ಒಂದೇ ಕುಟುಂಬ ಎಂದರು. ಪೋಲೆಂಡಿನಲ್ಲಿ ಕೊಶ್ಚುಷ್ಕೊ ಎಂಬ ಸೇನಾಪತಿ ರೈತರ ನಿಲುವಂಗಿ ತೊಟ್ಟು ನಿಂತದ್ದನ್ನೂ, ಕುಡುಗೋಲು ಹಿಡಿದ ರೈತರು ಅವನ ಹಿಂದೆ ನುಗ್ಗಿ ರಷ್ಯನ್ನರ ಫಿರಂಗಿಗಳನ್ನೇ ಕಿತ್ತುಕೊಂಡದ್ದನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದರು. ಅದಾದ ಮೇಲಿನ ೧೮೪೬ರ ಕತೆಯನ್ನು ಹೇಳಲಿಲ್ಲ. ಪಾಠ ಮಾಡುವವರಿಗೆ ಯಾವ ಪುಟ ಮಗುಚಬೇಕು ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

"ಹಾಗಾದ್ರೆ ನಿಮ್ಮ ಬಸ್ ಡ್ಯೂಟಿ ಹೋಗ್ತದೆ," ಎಂದಳು ಎಲ್ಸಿ. "ಆಗ ನಮ್ಗೆ ಸಿಕ್ಕಿದ ಮಧ್ಯಾಹ್ನದ ರಜೆ? ಅದೂ ಹೋಗ್ತದೆ ಅಲ್ವಾ?"

"ಅದನ್ನೆಲ್ಲ ಆಮೇಲೆ ನೋಡೋಣ. ಮೊದಲು ಮರ್ಯಾದೆ ಮುಖ್ಯ ಎಲ್ಸಿ."

"ಯಾರದ್ದು?"

"ಎಲ್ಲರದೂ," ಎಂದರು ಸುಶೀಲಮ್ಮ ತಟ್ಟನೆ. "ಗುರುವಾರ ಬಸ್ ಹತ್ತಲ್ಲ ತಾನೇ?"

ಎಲ್ಸಿ ಕಪ್ಪಿನ ಟೀಯನ್ನು ಒಂದೇ ಗುಟುಕಿಗೆ ಕುಡಿದಳು. "ಆಯ್ತು ಟೀಚರ್, ನೋಡುವ," ಎಂದು ಎದ್ದಳು. ಕರಾವಳಿಯವರು "ನೋಡುವ" ಎಂದರೆ ಹೂಂ ಎಂದಂತಲ್ಲವೆಂದು ಮಂಗಳೂರಿನ ಡೆಬೊರಾಳಿಗಾದರೂ ಗೊತ್ತಿರಬೇಕಿತ್ತು. ಅವಳು ಮೊಬೈಲ್ ನೋಡುತ್ತಿದ್ದಳು.

ಗುರುವಾರ ಟೀಚರುಗಳು ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಕೂತರು. ಗಂಟೆ ಹೊಡೆಯಿತು. ಮಕ್ಕಳ ಗಲಾಟೆ ಕೇಳಿಸಿತು, ಆಮೇಲೆ ಎಂಜಿನ್ ಸದ್ದು, ಆಮೇಲೆ ಏನೂ ಇಲ್ಲ. ಸುಶೀಲಮ್ಮ ಕಿಟಕಿಯ ಪರದೆ ಸರಿಸಿದರು. ಬಸ್ಸುಗಳೆಲ್ಲ ಹೋಗಿಬಿಟ್ಟಿದ್ದವು. ಪ್ರತಿ ಬಸ್ಸಿನಲ್ಲೂ ಆಯಾ ಹತ್ತಿದ್ದಳು. ಬಿಡುವಿದ್ದವರು ಕೂಡ ಅದನ್ನು ಬಿಟ್ಟು ಬಂದು ಹತ್ತಿದ್ದರು. ಎಲ್ಸಿ ಹಿಂದಿನ ದಿನವೇ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿ ಬಂದಿದ್ದಳಂತೆ. ಅಧ್ಯಕ್ಷರು ಖಾಲಿ ಅಂಗಳವನ್ನು ನೋಡಿ, ಏನು ಅಚ್ಚುಕಟ್ಟು ಎಂದು ಮೆಹರುನ್ನಿಸರನ್ನು ಹೊಗಳಿ ಹೋದರಂತೆ.

ಸುಶೀಲಮ್ಮನಿಗೆ ಮೈಯೆಲ್ಲ ಉರಿಯಿತು. ಮರುದಿನ ಬೆಳಿಗ್ಗೆ ಬಸ್ಸುಗಳು ಬರುವ ಜಾಗಕ್ಕೇ ಹೋಗಿ ನಿಂತರು. ಎಲ್ಸಿ ಮಕ್ಕಳನ್ನು ಇಳಿಸುತ್ತಿದ್ದಳು. ಬಿಡಲು ಬಂದ ಅಪ್ಪ ಅಮ್ಮಂದಿರೂ ಇದ್ದರು.

"ಉಂಡ ಮನೆಗೆ ಎರಡು ಬಗೆಯೋ ಜಾತಿ ನಿಂದು!" ಎಂದು ಕಿರುಚಿದರು. "ಮೇಲೆ ಕೂರಿಸಿದ್ರೂ ನಿಮ್ಮ ಬುದ್ಧಿ ಕಸದ ಬುಟ್ಟಿಗೇ! ಚಾಡಿಕೋರಿ!"

ಎಲ್ಸಿ ಕೈಯಲ್ಲಿದ್ದ ಮಗುವನ್ನು ಮೆಲ್ಲಗೆ ಕೆಳಗಿಳಿಸಿದಳು. "ಉಂಡದ್ದು ಎಂತ ಟೀಚರ್? ಒಂದು ಪೇಪರ್ ಕಪ್ ಚಾ ಅಲ್ವಾ?" ಎಂದಳು. ಅವಳ ಸ್ವರ ಏರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

ಈ ದೇಶದಲ್ಲಿ ನಾಲ್ಕು ಜನರ ಎದುರಿನ ಬೈಗುಳವೂ ಪೊಲೀಸ್ ಕೇಸಾಗುತ್ತದೆ. ಆ ಸಂಜೆಯೊಳಗೆ ದಂಗೆಯ ಸೈನ್ಯವೂ ಕರಗಿತು. ಮೊದಲು ಡೆಬೊರಾ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಪ್ರಿನ್ಸಿಪಾಲರ ಬಳಿ ಹೋಗಿ, ಇದೆಲ್ಲ ಸುಶೀಲಾ ಮೇಡಮ್ಮಿನ ಐಡಿಯಾ, ನಮಗೆ ಸರಿಯಾಗಿ ಗೊತ್ತೇ ಇರಲಿಲ್ಲ ಎಂದು ಹೇಳಿ ಬಂದರು. ಯಾರೂ ಸುಶೀಲಮ್ಮನ ಮುಖ ನೋಡಲಿಲ್ಲ. ಮೆಹರುನ್ನಿಸ ಫೋನಿನಲ್ಲಿ ಎರಡೇ ಮಾತು ಹೇಳಿದರು. ಎಲ್ಸಿಗೆ ಪೊಲೀಸ್ ಬೇಡವಂತೆ, ಕೆಲಸ ತೆಗೆಸುವುದೂ ಬೇಡವಂತೆ. ನಾಲ್ಕು ಜನರ ಎದುರು ಬೈದವರು ನಾಲ್ಕು ಜನರ ಎದುರು ತಪ್ಪಾಯಿತು ಅನ್ನಬೇಕಂತೆ. ಸೋಮವಾರ ನನ್ನ ಕೋಣೆಗೆ ಬನ್ನಿ. ತಪ್ಪಾಯಿತು ಅಂದರೆ ಉಳಿಯುತ್ತೀರಿ, ಅನ್ನದಿದ್ದರೆ ಖಲಾಸ್.

ಕೆಲಸ ಹೋದರೆ ವೀಸಾ ಹೋಗುತ್ತದೆ, ಗಂಡನದೂ ಹೋಗುತ್ತದೆ. ದುಬೈನ ಅಲ್ ನಹ್ದಾದಲ್ಲಿ ಮಗ ನಿಶಾಂತನ ಮನೆ ಇತ್ತು, ಅಲ್ಲಿ ಹೋದ ತಿಂಗಳಷ್ಟೇ ಹುಟ್ಟಿದ ಮೊಮ್ಮಗಳಿದ್ದಳು. ವಾರದ ಕೊನೆಗೆ ಅವಳಿಗೆ ಎಣ್ಣೆ ನೀರು ಹಾಕುವುದು ಸುಶೀಲಮ್ಮನದೇ ಹಕ್ಕು. ಆ ಹಕ್ಕನ್ನು ಬಿಟ್ಟು ಹೋಗುವ ಯೋಚನೆಯನ್ನೂ ಅವರು ಮಾಡಲಾರರು.

"ಒಂದು ಮಾತು ಹೇಳಿ ಮುಗಿಸೇ," ಎಂದರು ಶ್ರೀನಿವಾಸಮೂರ್ತಿ. "ನಾಲಿಗೆ ಏನು ಸವೆದುಹೋಗುತ್ತಾ?"

ಭಾನುವಾರವೆಲ್ಲ ಅವರು ಅಭ್ಯಾಸ ಮಾಡಿದರು. ಕನ್ನಡಿಯ ಎದುರು ನಿಂತು, "ಎಲ್ಸಿಯವರೇ, ನನ್ನ ಮಾತಿನಿಂದ ನಿಮಗೆ ನೋವಾಗಿದ್ದರೆ ಕ್ಷಮಿಸಿ" ಎಂದರು.

"ಆಗಿದ್ದರೆ ಅಂತ ಯಾಕೆ? ಆಗಿದೆಯಲ್ಲ."

"ಸುಮ್ನಿರ್ರೀ! ಅವಳ ಮುಂದೆ ಕೈ ಮುಗಿಯೋದು ನೀವಲ್ಲ, ನಾನು."

ಆದರೂ "ಆಗಿದ್ದರೆ" ಬಿಟ್ಟರು. ಹೇಳಿ ಹೇಳಿ ಮಾತು ನಯವಾಯಿತು. ರಾತ್ರಿ ಮಲಗುವ ಹೊತ್ತಿಗೆ, ತಾವು ಸೋತಿಲ್ಲ, ಸೋತಂತೆ ನಟಿಸುತ್ತಿದ್ದೇವೆ ಅಷ್ಟೇ ಎಂಬ ಸಮಾಧಾನವೂ ಹುಟ್ಟಿತು.

ಸೋಮವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೂ ಇದ್ದರು. ಡೆಬೊರಾ ನೆಲ ನೋಡುತ್ತಿದ್ದಳು. ಪುಟ್ಟಮ್ಮ ಬಾಗಿಲ ಬಳಿ ನಿಂತಿದ್ದಳು. ಮೇಜಿನ ಈಚೆಗೆ, ಸುಶೀಲಮ್ಮನ ಕುರ್ಚಿಗೆ ಎದುರಾಗಿ, ಅಂಥದೇ ಇನ್ನೊಂದು ಕುರ್ಚಿಯಲ್ಲಿ ಎಲ್ಸಿ ಕೂತಿದ್ದಳು. ಈ ಸಲ ತುದಿಯಲ್ಲಿ ಕೂತಿರಲಿಲ್ಲ, ಬೆನ್ನು ಆನಿಸಿ ಕೂತಿದ್ದಳು.

"ಹೇಳಿ ಮೇಡಮ್," ಎಂದರು ಮೆಹರುನ್ನಿಸ.

ಸುಶೀಲಮ್ಮ ಎಲ್ಸಿಯ ಮುಖ ನೋಡಿದರು. ಇಷ್ಟು ಹತ್ತಿರದಿಂದ ಆ ಮುಖವನ್ನು ಅವರು ಎಂದೂ ನೋಡಿರಲಿಲ್ಲ. ತಮ್ಮಷ್ಟೇ ವಯಸ್ಸು. ಕಣ್ಣಿನ ಕೆಳಗೆ ಕಪ್ಪು, ಮೂಗಿನ ಪಕ್ಕ ಸಣ್ಣ ಮಚ್ಚೆ. ದ್ವೇಷ ಬರಲೆಂದು ಕಾದರು, ಬಂದದ್ದು ಭಯ. ಗಂಟಲು ಒಣಗಿತು. ಕಲಿತ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು, ಬರೀ ದನಿ ಹೊರಡಬೇಕಿತ್ತು.

"ಎಲ್ಸಿ..." ಎಂದರು. ದನಿ ಒಡೆಯಿತು. ಕೆಮ್ಮಿದರು. "ಎಲ್ಸಿ, ಒಂದ್ ಲೋಟ ನೀರು ತಗೊಂಬಾ."

ಎಲ್ಸಿಯ ಎರಡೂ ಕೈ ಕುರ್ಚಿಯ ಹಿಡಿಗೆ ಹೋದವು. ಅವಳು ಅರ್ಧ ಎದ್ದಿದ್ದಳು. ಹಾಗೆ ಎದ್ದದ್ದು ಅವಳಿಗೇ ತಿಳಿದು ಮುಖ ಕೆಂಪಾಯಿತು, ಕಣ್ಣು ತುಂಬಿತು. ಮೆಲ್ಲಗೆ ಮತ್ತೆ ಕೂತಳು. ಮೆಹರುನ್ನಿಸ ತಮ್ಮ ಬಾಟಲಿಯ ಮುಚ್ಚಳ ತೆಗೆದು, ತಾವೇ ಎದ್ದು ಒಂದು ಗ್ಲಾಸಿಗೆ ನೀರು ಬಗ್ಗಿಸಿ ಸುಶೀಲಮ್ಮನ ಮುಂದೆ ಇಟ್ಟರು.

ಸುಶೀಲಮ್ಮ ಗಟಗಟನೆ ಕುಡಿದರು. ಕುಡಿದು ಮುಗಿಸಿ, ಈಗ ಸರಾಗವಾಗಿ ಹೇಳಿಬಿಡುತ್ತೇನೆಂದು ಬಾಯಿ ತೆರೆದರು.

"ಬೇಡ," ಎಂದಳು ಎಲ್ಸಿ ಎದ್ದು ನಿಂತು. ಅವಳು ನೋಡಿದ್ದು ಸುಶೀಲಮ್ಮನ ಕಡೆಯಲ್ಲ, ಪ್ರಿನ್ಸಿಪಾಲರ ಕಡೆ. "ಇನ್ನು ಹೇಳುದು ಬೇಡ ಮೇಡಂ. ನನ್ಗೆ ಬಸ್ಸಿಗೆ ಹೊತ್ತಾಯ್ತು."

ತಾವು ಏನು ಕೇಳಿದೆವು ಎಂಬುದು ಸುಶೀಲಮ್ಮನಿಗೆ ಆಗಷ್ಟೇ ಹೊಳೆಯಿತು. "ಎಲ್ಸಿಯವರೇ," ಎಂದು ಕೂಗಿದರು, ಈ ಸಲ ದನಿ ಚೆನ್ನಾಗಿಯೇ ಹೊರಟಿತು. ಕೋಣೆಯಲ್ಲಿ ಉಳಿದವರೆಲ್ಲ ತಿರುಗಿ ನೋಡಿದರು. ಎಲ್ಸಿ ಮಾತ್ರ ಆಗಲೇ ಬಾಗಿಲು ದಾಟಿ ಹೋಗಿದ್ದಳು.