ಷರಾ: ಮಾಮೂಲು

ಅಳತೆಯಮ್ಮನ ಕೆಲಸ ಏನೆಂದು ಕೇಳಿದವರು ನಗದೆ ಹೋದದ್ದಿಲ್ಲ. ದಿನವೂ ಉಬ್ಬರ ತುಂಬಿದ ಹೊತ್ತಿಗೆ ಹಳೆಯ ಕಟ್ಟೆಯ ಮೆಟ್ಟಿಲಿಳಿಯುವುದು, ನೀರಲ್ಲಿ ನಿಂತ ಗೆರೆ ಕಂಬವನ್ನು ನೋಡುವುದು, ನೀರು ಮುಟ್ಟಿದ ಗೆರೆಯನ್ನು ದಪ್ಪ ಪುಸ್ತಕದಲ್ಲಿ ಬರೆಯುವುದು. ಅಷ್ಟೇ. "ಸಮುದ್ರಕ್ಕೆ ಹಾಜರಿ ಹಾಕೋ ಕೆಲಸ" ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಗಂಡ ಮಾಡುತ್ತಿದ್ದ ಕೆಲಸ, ಅವನು ತೀರಿಕೊಂಡ ಮೇಲೆ ಇವಳಿಗೆ ಬಂತು. ಇಪ್ಪತ್ತೊಂದು ವರ್ಷದಲ್ಲಿ ಒಂದು ಸಾಲನ್ನೂ ಖಾಲಿ ಬಿಟ್ಟವಳಲ್ಲ. ಜ್ವರ ಬಂದ ದಿನವೂ ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಿ ಬರೆದಿದ್ದಳು.

ಪುಟದ ಬಲತುದಿಯಲ್ಲಿ ಬೆರಳಗಲದ ಒಂದು ಕಾಲಂ ಇತ್ತು. ಅದರ ತಲೆಯ ಮೇಲೆ ಅಚ್ಚಾಗಿದ್ದದ್ದು ಹೀಗೆ: "ಷರಾ. ನಿನ್ನೆಗಿಂತ ವ್ಯತ್ಯಾಸವಿದ್ದರೆ ಬರೆಯುವುದು." ನಿನ್ನೆಗೂ ಇವತ್ತಿಗೂ ಸಮುದ್ರದಲ್ಲಿ ಏನು ಮಹಾ ವ್ಯತ್ಯಾಸ? ಗಂಡ "ಮಾಮೂಲು" ಎಂದು ಬರೆಯುತ್ತಿದ್ದ. ಇವಳೂ ಅದನ್ನೇ ಬರೆದಳು. ಎಷ್ಟು ಸಲ ಬರೆದಿದ್ದಳೆಂದರೆ ಕಣ್ಣು ಮುಚ್ಚಿಕೊಂಡರೂ ಕೈ ಆ ಪದವನ್ನು ಸೊಟ್ಟವಾಗದಂತೆ ಬರೆಯುತ್ತಿತ್ತು.

ಪುಸ್ತಕಕ್ಕೆ ಗೊತ್ತಿಲ್ಲದ ಒಂದು ಲೆಕ್ಕ ಅವಳ ಕಾಲಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದಾಗ ಉಬ್ಬರದ ಹೊತ್ತಿಗೂ ಹನ್ನೊಂದು ಮೆಟ್ಟಿಲು ಒಣಗಿರುತ್ತಿದ್ದವು. ಈಗ ಏಳು. ಆದರೆ ಕಂಬ ಮಾತ್ರ ಹಳೆಯ ಅಂಕಿಯನ್ನೇ ತೋರಿಸುತ್ತಿತ್ತು. ಎರಡು ಸಲ ಬಿರುಗಾಳಿಗೆ ಕಂಬ ಕಿತ್ತುಹೋಗಿತ್ತು. ಎರಡು ಸಲವೂ ಗುತ್ತಿಗೆದಾರನ ಆಳುಗಳು ಬಂದು, "ದಿನಾ ನೀರು ಯಾವ ಗೆರೆಗೆ ಬರ್ತಿತ್ತಮ್ಮ?" ಎಂದು ಕೇಳಿ, ಅವಳು ಹೇಳಿದ ಗೆರೆಗೆ ನೀರು ಸರಿಯಾಗಿ ತಾಗುವ ಹಾಗೆ ಕಂಬವನ್ನು ಮೇಲಕ್ಕೆತ್ತಿ ನೆಟ್ಟು ಹೋಗಿದ್ದರು. ಅವಳು ಅವರಿಗೆ ಚಹಾ ಕೂಡ ಮಾಡಿಕೊಟ್ಟಿದ್ದಳು.

ಬೀದಿಯಲ್ಲಿ ಹದಿನಾಲ್ಕು ಮನೆ. ಅತ್ತ ಹೊಸ ಬಂದರಿಗಾಗಿ ಮರಳು ತೋಡಿದ ಮೇಲೆ ಇತ್ತ ನೆಲ ಕುಸಿಯತೊಡಗಿತು. ಬಾವಿಗಳು ಉಪ್ಪಾದವು, ಹುಣ್ಣಿಮೆ ಬಂದರೆ ಮೋರಿಯ ನೀರು ಅಡುಗೆಮನೆಗೆ ಬರುತ್ತಿತ್ತು. ಅಳತೆಯಮ್ಮನ ಮನೆಗೂ ಪಕ್ಕದ ಬಲೆಯಕ್ಕನ ಮನೆಗೂ ನಡುವೆ ಒಂದೇ ಗೋಡೆ. ಬಲೆ ಹೆಣೆಯುವ ಆ ಮುದುಕಿ ಬೆಳಗಾಗುತ್ತಲೇ ಸೌಟಿನಿಂದ ಗೋಡೆಗೆ ಎರಡು ಸಲ ಬಡಿಯುತ್ತಿದ್ದಳು. ಎದ್ದೆಯೇನೇ ಎಂದು ಅರ್ಥ. ಇವಳು ತಿರುಗಿ ಒಂದು ಸಲ ಬಡಿದರೆ ಎದ್ದೆ ಅಕ್ಕ ಎಂದು. ಮಕ್ಕಳಿಲ್ಲದ, ಗಂಡನಿಲ್ಲದ ಅಳತೆಯಮ್ಮನಿಗೆ ದಿನದಲ್ಲಿ ಅವಳನ್ನೇ ಉದ್ದೇಶಿಸಿ ಹುಟ್ಟುವ ಸದ್ದು ಅದೊಂದೇ.

ಹೀಗಿರುವಾಗ ಸರ್ಕಾರದ ಯೋಜನೆ ಬಂತು. ಸಮುದ್ರ ಏರಿದ್ದು ದಾಖಲೆಯಲ್ಲಿ ಸಾಬೀತಾದರೆ ಇಡೀ ಬೀದಿಗೆ ದಿಬ್ಬದ ಮೇಲೆ ಒಟ್ಟಿಗೆ ಮನೆ. ಸಾಬೀತಾಗದಿದ್ದರೆ ಅವರವರ ದಾರಿ ಅವರವರಿಗೆ.

"ದಾಖಲೆ ನಮ್ಮ ಅಳತೆಯಮ್ಮನ ಕೈಯಲ್ಲೇ ಇದೆಯಲ್ಲ!" ಎಂದು ಜನ ಕುಣಿದರು. ಬಲೆಯಕ್ಕನಂತೂ ಮನಸ್ಸಿನಲ್ಲೇ ಮನೆ ಕಟ್ಟಿಯೇಬಿಟ್ಟಿದ್ದಳು. "ಅಲ್ಲೂ ನಂಗೂ ನಿಂಗೂ ಒಂದೇ ಗೋಡೆ ಇರಬೇಕು ನೋಡು. ತೆಳ್ಳಗಿರಲಿ. ನನ್ನ ಕೈಯಲ್ಲಿ ಮೊದಲಿನ ಶಕ್ತಿ ಇಲ್ಲ."

ವಿಚಾರಣೆಗೆ ಬಂದ ಸಾಹೇಬರು ಕೆಟ್ಟವರೇನಲ್ಲ. ಶಾಲೆಯ ಕೋಣೆಯಲ್ಲಿ ಕೂತು ಇಪ್ಪತ್ತೊಂದು ಪುಸ್ತಕಗಳನ್ನೂ ತಾಳ್ಮೆಯಿಂದ ತಿರುವಿದರು. ಅಂಕಿಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಷರಾ ಓದಿದರು. ಮಾಮೂಲು. ಪುಟ ತಿರುಗಿಸಿದರು. ಮಾಮೂಲು.

"ಇದು ನಿಮ್ಮದೇ ಕೈಬರಹ ಅಲ್ವೇನಮ್ಮ?"

"ಹೌದು ಸಾರ್. ಆದ್ರೆ ಕಂಬ ತಪ್ಪು. ಎರಡು ಸಲ ಕಿತ್ತುಹೋದಾಗ ಮೇಲೆತ್ತಿ ನೆಟ್ಟಿದ್ದಾರೆ. ಮೊದಲು ಹನ್ನೊಂದು ಮೆಟ್ಟಿಲು ಒಣಗಿರ್ತಿತ್ತು, ಈಗ ಏಳೇ."

"ಅದನ್ನ ಎಲ್ಲಾದ್ರೂ ಬರೆದಿದ್ದೀರಾ?"

"ಮೆಟ್ಟಿಲಿಗೆ ಕಾಲಂ ಇರಲಿಲ್ಲ ಸಾರ್."

"ಷರಾ ಇತ್ತಲ್ಲಮ್ಮ."

ಸಾಹೇಬರು ಮೆತ್ತಗೇ ಹೇಳಿದ್ದರು. ಅವಳು ಕಾಲಂನ ತಲೆಯ ಮೇಲಿನ ಅಚ್ಚಿನ ಮೇಲೆ ಬೆರಳಿಟ್ಟಳು. "ಷರಾದಲ್ಲಿ ನಿನ್ನೆಗಿಂತ ಅಂತಿತ್ತು ಸಾರ್," ಎಂದಳು, "ಯಾವ ದಿನವೂ ನಿನ್ನೆಗಿಂತ ಬೇರೆ ಆಗಿರಲಿಲ್ಲ."

ಹಿಂದೆ ಯಾರೋ, "ಮಾಮೂಲು ಕೊಟ್ಟು ಕೆಲಸ ಮಾಡಿಸ್ಕೊಂಡವರನ್ನ ಕಂಡಿದ್ದೀನಿ, ಬರೆದು ಕೆಡಿಸಿದವಳನ್ನ ಇವಳೊಬ್ಬಳನ್ನೇ ನೋಡಿದ್ದು" ಎಂದರು. ಒಂದಿಬ್ಬರು ನಕ್ಕರು. ಸಾಹೇಬರು ಪುಸ್ತಕ ಮುಚ್ಚಿ, ಸಾಬೀತಾಗಿಲ್ಲ ಎಂದು ಬರೆದುಕೊಂಡರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ಅವಳ ಪಾಡು.

ಯಾರಾದರೂ ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಯಾರೂ ಬೈಯಲಿಲ್ಲ. ಅವಳು ನಲ್ಲಿಯ ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಮೂರು ತಿಂಗಳಲ್ಲಿ ಹದಿನಾಲ್ಕು ಮನೆ ಎರಡಕ್ಕೆ ಬಂತು. ಒಬ್ಬರು ಅಣ್ಣನ ಊರಿಗೆ, ಒಬ್ಬರು ಗೋದಾಮಿನ ಹಿಂದಿನ ಶೆಡ್ಡಿಗೆ, ಒಬ್ಬರು ಎಲ್ಲಿಗೋ. ಕೊನೆಗೆ ಬಲೆಯಕ್ಕನನ್ನು ಕರೆದೊಯ್ಯಲು ಮಗಳು ಬಂದಳು.

ಗಾಡಿ ಹತ್ತುವ ಮುಂಚೆ ಬಲೆಯಕ್ಕ ಇವಳ ಹೊಸ್ತಿಲಿಗೆ ಬಂದು ನಿಂತಳು.

"ನೀನೂ ಬಂದುಬಿಡೇ."

"ಅಳತೆ ಯಾರು ನೋಡ್ತಾರೆ ಅಕ್ಕ?"

"ಇನ್ನೂ ನೋಡೋದೇನಿದೆಯೇ, ಹುಚ್ಚಿ." ಮುದುಕಿ ಅವಳ ಗಲ್ಲ ಹಿಡಿದಳು. "ಬೇಕೂಂತ ಮಾಡ್ಲಿಲ್ಲ ನೀನು. ನಾವೂ ದಿನಾ ಆ ನೀರನ್ನೇ ನೋಡ್ತಿದ್ವಲ್ಲ, ನಮಗ್ಯಾರಿಗೆ ಹೊಳೀತು?"

ಆ ಮಾತಿಗೆ ಅಳತೆಯಮ್ಮ ಅತ್ತಳು. ಗಾಡಿ ತಿರುವು ದಾಟುವವರೆಗೂ ಅತ್ತಳು.

ಮರುದಿನ ಯಾರೂ ಗೋಡೆ ಬಡಿಯಲಿಲ್ಲ. ಅವಳು ಎದ್ದದ್ದು ತಡವಾಯಿತು. ಉಬ್ಬರ ಮುಗಿಯುವುದರೊಳಗೆ ಓಡಿಹೋಗಿ ಅಂಕಿ ಬರೆದಳು. ಷರಾಕ್ಕೆ ಬಂದಾಗ ಪೆನ್ನು ನಿಂತಿತು. ನಿನ್ನೆಗೂ ಇವತ್ತಿಗೂ ಇಷ್ಟು ವ್ಯತ್ಯಾಸ ಈ ಇಪ್ಪತ್ತೊಂದು ವರ್ಷದಲ್ಲಿ ಯಾವತ್ತೂ ಆಗಿರಲಿಲ್ಲ. "ಮಾಮೂಲಲ್ಲ" ಎಂದು ಬರೆದಳು.

ಅದರ ಮರುದಿನವೂ ಗೋಡೆ ಬಡಿಯಲಿಲ್ಲ. ಅವಳು ತಾನಾಗಿ ಎದ್ದು, ಮುಖ ತೊಳೆದು, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಹೋದಳು. ಏಳು ಮೆಟ್ಟಿಲು. ಅಂಕಿ ಬರೆದಳು. ಇನ್ನೇನು ಪುಸ್ತಕ ಮುಚ್ಚಬೇಕು, ನೋಡುತ್ತಾಳೆ, ಷರಾದಲ್ಲಿ ಕೈ ಆಗಲೇ "ಮಾ" ಎಂದು ಬರೆದಿದೆ.

ಕೈಯದ್ದೇನೂ ತಪ್ಪಿರಲಿಲ್ಲ. ನಿನ್ನೆಯೂ ಗೋಡೆ ಬಡಿದಿರಲಿಲ್ಲ, ಇವತ್ತೂ ಬಡಿಯಲಿಲ್ಲ. ಕಾಲಂ ಕೇಳಿದ್ದು ಅಷ್ಟನ್ನೇ. ಅವಳು ಮೆಟ್ಟಿಲ ಮೇಲೆ ಕೂತಳು. ನಾಲ್ಕು ಮೆಟ್ಟಿಲು ಹೋದದ್ದೂ ಹೀಗೆಯೇ, ಗಂಡ ಹೋದದ್ದಕ್ಕೆ ತಾನು ಒಗ್ಗಿಕೊಂಡದ್ದೂ ಹೀಗೆಯೇ. ಇನ್ನೊಂದು ವಾರ ಕಳೆದರೆ ಆ ಸೌಟಿನ ಸದ್ದೂ ಮರೆತುಹೋದೀತು ಎಂದು ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಮಾ" ಹೊಡೆದುಹಾಕಿದಳು. ಸಣ್ಣ ಅಕ್ಷರದಲ್ಲಿ ಬರೆಯತೊಡಗಿದಳು: ಮೊದಲು ಹನ್ನೊಂದು ಮೆಟ್ಟಿಲು ಇತ್ತು. ಈಗ ಏಳು. ಹದಿನಾಲ್ಕು ಮನೆ ಇತ್ತು. ಈಗ ಒಂದು. ಪಕ್ಕದ ಮನೆಯಲ್ಲಿ ಬಲೆ ಹೆಣೆಯುವ ಅಕ್ಕ ಇದ್ದಳು. ಬೆಳಿಗ್ಗೆ ಎರಡು ಸಲ ಗೋಡೆ ಬಡಿಯುತ್ತಿದ್ದಳು.

ಬೆರಳಗಲದ ಕಾಲಂ ಸಾಲಲಿಲ್ಲ. ಬರೆದದ್ದು ನಾಳೆಯ ಸಾಲಿಗೆ ಇಳಿಯಿತು, ಅಲ್ಲಿಂದ ನಾಡಿದ್ದಿನ ಸಾಲಿಗೆ, ಕೊನೆಗೆ ಪುಟದ ಅಂಚಿಗೆ. ನಾಳೆ ಮಾಮೂಲು ಎಂದು ಬರೆಯಲು ಅಲ್ಲಿ ಜಾಗ ಉಳಿಯಲಿಲ್ಲ.