ಮಾಮಾನ ಕಡೆಯ ಕಿಟಕಿ

ಅಥಣಿ ದಾಟಿ ವೇಗ ಏರಿಸಿದರೆ ಸಾಕು, ನನ್ನ ಪಿಕಪ್ಪಿನ ಎಡಗಿಟಕಿಯಲ್ಲಿ ಗಾಳಿ ಸೀಟಿ ಹೊಡೆಯುತ್ತಿತ್ತು. ಮಾರುಕಟ್ಟೆಯಲ್ಲಿ ದ್ರಾಕ್ಷಿ ಇಳಿಸುವ ಹೊತ್ತಿಗೆ ತಲೆ ಸಿಡಿದುಹೋಗುತ್ತಿತ್ತು.

ಆ ಕಡೆ ಕೂರುವವರು ನನ್ನ ಸೋದರಮಾವ ಬಾಬಾಸಾಹೇಬ. ದ್ರಾಕ್ಷಿ ಅವರದೇ. ಅಂಗೈಯಲ್ಲಿ ಸುಣ್ಣ ಹಚ್ಚಿ ತಂಬಾಕು ತಿಕ್ಕುವುದು, ಗ್ಲಾಸ್ ಇಳಿಸಿ ಉಗುಳುವುದು, ದಾರಿಯುದ್ದಕ್ಕೂ ಅವರಿಗೆ ಇದೇ ಕೆಲಸ. ಹಿರಿಯರು, ಬೈಯುವಂತಿಲ್ಲ.

ಮೆಕ್ಯಾನಿಕ್ ಈಶ್ವರ ಕಿಟಕಿಯ ರಬ್ಬರ್ ಕಿತ್ತು ನನ್ನ ಮೂಗಿನ ಮುಂದೆ ಹಿಡಿದ. ಕಂದು ಅಂಟು, ಒಣಗಿದ ತಂಬಾಕಿನ ಚೂರು, ಅದರಲ್ಲಿ ಸಿಕ್ಕಿ ಸತ್ತ ನೊಣಗಳು.

"ಉಗುಳಿದ್ದೆಲ್ಲಾ ಗಾಳಿಗೆ ತಿರುಗಿ ಇಲ್ಲೇ ಕುಂತೈತಿ ನೋಡ್ರಿ. ಗ್ಲಾಸ್ ಪೂರಾ ಏರವಲ್ದು, ಸಂದಿನ್ಯಾಗ ಗಾಳಿ ಒದರತೈತಿ," ಎಂದ. ಎಲ್ಲ ಕೆರೆದು ತೊಳೆದು ಹೊಸ ರಬ್ಬರ್ ಕೂರಿಸಿದ.

ಮರುದಿನ ಗಾಡಿ ಹತ್ತುವಾಗಲೇ ಹೇಳಿದೆ: "ಮಾಮಾ, ಇನ್ನ ಗ್ಲಾಸ್ ಇಳಸಬ್ಯಾಡ್ರಿ."

"ಬರೋಬ್ಬರಿ ಐತಿ," ಎಂದು ಅವರು ತಲೆಯಾಡಿಸಿದರು.

ಸೀಟಿ ನಿಂತಿತ್ತು. ಖುಷಿಯಿಂದ ಹಾಡು ಹಚ್ಚಿದೆ. ಅಂಕಲಿ ಹತ್ತಿರ ಬಂದಾಗ ಪಕ್ಕಕ್ಕೆ ತಿರುಗಿ ನೋಡಿದೆ. ಮಾಮಾ ತಂಬಾಕು ತಿಕ್ಕುವುದನ್ನು ಬಿಟ್ಟಿರಲಿಲ್ಲ.

"ಮತ್ತ ಎಲ್ಲಿ ಉಗುಳಾಕತ್ತೀರಿ?"

ಕಾಲ ಬಳಿಯಿಂದ ನನ್ನ ಬುತ್ತಿಯ ಎರಡಂತಸ್ತಿನ ಡಬ್ಬಿಯನ್ನು ಎತ್ತಿ, ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದರು.

"ಮ್ಯಾಲಿನ ಖಾನೆ ಖಾಲಿ ಇತ್ತಪಾ," ಎಂದರು ಪ್ರೀತಿಯಿಂದ. "ಅಂಜಬ್ಯಾಡ, ನಿನ್ನ ರೊಟ್ಟಿ ತೆಳಗಿನ ಖಾನ್ಯಾಗ ಅದಾವು."