ಬನಶಂಕರಿ ಅಕ್ಕನ ಹದಿಮೂರು ವರ್ಷ

ನಮ್ಮ ಸೈಟಿನ ಗೇಟಿಗೆ ‘ಕೆಲಸಗಾರರು ಬೇಕಾಗಿದ್ದಾರೆ’ ಎಂಬ ಬೋರ್ಡು ನೇತುಹಾಕಿ ಏಳು ತಿಂಗಳಾಯಿತು. ಗಾರೆಯವರು ಬೇಕು, ಕಂಬಿ ಕಟ್ಟುವವರು ಬೇಕು, ಸೆಂಟ್ರಿಂಗಿನವರು ಬೇಕು, ಹೆಣ್ಣಾಳು ಬೇಕು. ದೊಡ್ಡಬಳ್ಳಾಪುರದಿಂದ ಮಧುರೆ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂಬತ್ತು ಟವರ್ ಏಳುತ್ತಿವೆ. ಬಿಹಾರದಿಂದ, ಒಡಿಶಾದಿಂದ ರೈಲು ತುಂಬಿ ಬಂದರೂ ಜನ ಸಾಲುತ್ತಿಲ್ಲ. ಆ ಬೋರ್ಡಿನ ಕೆಳಗೆ ಕೂತು ಬನಶಂಕರಿ ಅಕ್ಕನಿಗೆ ಕೆಲಸ ಇಲ್ಲ ಎಂದು ಹೇಳಿದವನು ನಾನು. ಹಾಗೆ ಹೇಳಬೇಕಾದ ಗತಿ ತಂದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪು ಬೇರೆ ಯಾರದೋ ಇರಬಹುದು ಎಂದು ನೀವು ಕಾಯುತ್ತ ಕೂರುವುದು ಬೇಡ.

ನನ್ನ ಹೆಸರು ಮನೋಹರ್, ಈ ಸೈಟಿನ ಟೈಮ್ ಕೀಪರ್. ಬೆಳಿಗ್ಗೆ ಏಳಕ್ಕೆ ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಕೂತು, ಬಂದವರ ಹಾಜರಿ ಹಾಕಿಕೊಂಡು ಒಳಗೆ ಬಿಡುವುದು ನನ್ನ ಕೆಲಸ. ಇದಕ್ಕೆ ಮೊದಲು ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದೆ. ಝೆರಾಕ್ಸ್ ಎಂಬುದು ಹೆಸರಿಗೆ. ಹೊಟ್ಟೆ ತುಂಬುತ್ತಿದ್ದದ್ದು ಅರ್ಜಿಯಿಂದ. ರೇಷನ್ ಕಾರ್ಡು, ಜಾತಿ ಪತ್ರ, ಆದಾಯ ಪತ್ರ, ಪಿಂಚಣಿ, ಏನು ಬೇಕಾದರೂ ಬರೆದುಕೊಡುತ್ತಿದ್ದೆ. ಆ ಬೀದಿಯವರಿಗೆ ನಾನೆಂದರೆ ಸರ್ಕಾರದ ಅರ್ಧ ಭಾಗ ಎನ್ನುವಷ್ಟು ನಂಬಿಕೆ. ನನಗೂ ಹಾಗೆ ಅನ್ನಿಸಿತ್ತು, ಎಡವಟ್ಟಾದದ್ದು ಅದರಿಂದಲೇ.

ಬನಶಂಕರಿ ಅಕ್ಕನ ಮನೆ ನನ್ನ ಅಂಗಡಿಯ ಎದುರಿಗೇ ಇತ್ತು. ಮನೆಯೊಳಗೆ ಎರಡು ಮಗ್ಗ. ಗಂಡ ಕೋದಂಡರಾಮಯ್ಯನವರು ಮಗ್ಗ ನಡೆಸುತ್ತಿದ್ದರು, ಅಕ್ಕ ನೂಲು ಸುತ್ತಿಕೊಡುತ್ತಿದ್ದರು. ಸೂರತ್ತಿನ ಸೀರೆ ನಮ್ಮ ಸೀರೆಯ ಅರ್ಧ ಬೆಲೆಗೆ ಬರತೊಡಗಿದ ಮೇಲೆ ಒಂದು ಮಗ್ಗ ನಿಂತಿತು. ಕೊರೊನಾ ಬಂದು ಇನ್ನೊಂದೂ ನಿಂತಿತು. ಕೊನೆಗೆ ಎರಡನ್ನೂ ಗುಜರಿಯವನು ತೂಕ ಹಾಕಿ ಒಯ್ದ. ಅಷ್ಟು ಹೊತ್ತಿಗೆ ಕೋದಂಡರಾಮಯ್ಯನವರ ಕಿವಿ ಪೂರ್ತಿ ಹೋಗಿತ್ತು, ಬೆನ್ನು ಅರ್ಧ ಹೋಗಿತ್ತು. ಮನೆಯಲ್ಲಿ ದುಡಿಯುವ ಕೈ ಅಕ್ಕನದೊಂದೇ ಉಳಿಯಿತು.

ಆಗ ಬೀದಿಯಲ್ಲಿ ಪಿಂಚಣಿಯ ಮಾತು ಎದ್ದಿತು. ಅರವತ್ತು ತುಂಬಿದವರಿಗೆ ತಿಂಗಳು ತಿಂಗಳು ದುಡ್ಡು. ಯಾರಿಗೆ ಅರವತ್ತು ತುಂಬಿದೆ ಎಂದು ಹೇಳುವವರು ಯಾರು? ನಮ್ಮ ಕಡೆಯ ಅರ್ಧ ಜನ ಆಧಾರಿನ ಪ್ರಕಾರ ಹುಟ್ಟಿದ್ದು ಜನವರಿ ಒಂದನೇ ತಾರೀಖಿನಂದೇ. ಕಾರ್ಡು ಮಾಡಿಸುವಾಗ ತಾರೀಖು ಗೊತ್ತಿಲ್ಲ ಎಂದವರಿಗೆಲ್ಲ ಅದನ್ನೇ ಹಾಕಿದ್ದರು. ಅಕ್ಕನದೂ ಹಾಗೇ: ಜನವರಿ ಒಂದು, ಸಾವಿರದ ಒಂಬೈನೂರ ಎಪ್ಪತ್ತೈದು. ಆ ಎಪ್ಪತ್ತೈದನ್ನು ನಾನು ಅರವತ್ತೆರಡು ಮಾಡಿಸಿದೆ. ವಯಸ್ಸಿನ ದೃಢೀಕರಣ ಪತ್ರ ನಾನೇ ಟೈಪು ಮಾಡಿದೆ, ಸಹಿ ಹಾಕುವವರು ತಲೆ ಎತ್ತದೆ ಸಹಿ ಹಾಕಿದರು. ನಲವತ್ತೇಳರ ಹೆಂಗಸು ಒಂದು ವಾರದಲ್ಲಿ ಅರವತ್ತಕ್ಕೆ ಹೋದರು. ಅಕ್ಕನೊಬ್ಬರದೇ ಅಲ್ಲ, ಒಂದು ತಿಂಗಳಲ್ಲಿ ಇಡೀ ಬೀದಿಗೇ ವಯಸ್ಸಾಯಿತು. ಯಾರಿಂದಲೂ ಲಂಚ ತೆಗೆದುಕೊಂಡವನಲ್ಲ ನಾನು, ಬರೆದ ಕೂಲಿ ಮಾತ್ರ. ಪಿಂಚಣಿ ಮಂಜೂರಾದ ದಿನ ಅಕ್ಕ ಹೋಳಿಗೆ ಮಾಡಿ ತಂದುಕೊಟ್ಟರು. ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗುತ್ತ ತಿಂದೆ.

ಪಿಂಚಣಿ ಎಂದರೆ ಎಷ್ಟು, ಗ್ಯಾಸಿಗೂ ಗಂಡನ ಮಾತ್ರೆಗೂ ಸರಿಹೋಗುತ್ತಿತ್ತು. ಅಕ್ಕ ಗಾರೆ ಕೆಲಸಕ್ಕೆ ಹೆಣ್ಣಾಳಾಗಿ ಹೋಗತೊಡಗಿದರು. ನನ್ನ ಅಂಗಡಿಯೂ ಮುಚ್ಚಿತು, ಎಲ್ಲರ ಕೈಗೂ ಫೋನ್ ಬಂದ ಮೇಲೆ ಅರ್ಜಿ ಬರೆಸುವವರು ಯಾರು? ಹೀಗೆ ಒಂದೇ ಸೈಟಿನಲ್ಲಿ ಮತ್ತೆ ಸಿಕ್ಕಿದೆವು.

ಕೆಲಸ ಎಂಥದ್ದು ಎಂದು ಹೇಳಬೇಕು. ಸಿಮೆಂಟ್ ಇಟ್ಟಿಗೆ ಎತ್ತಿಕೊಡುವುದು, ಹೊಸ ಗೋಡೆಗೆ ದಿನಕ್ಕೆ ಮೂರು ಸಲ ನೀರು ಹಾಕುವುದು, ಬಾಂಡಲಿ ಹೊರುವುದು, ಗುಡಿಸುವುದು. ಹೆಂಗಸರ ಪಾಯಿಖಾನೆ ಗೇಟಿನ ಹತ್ತಿರ ಒಂದೇ ಒಂದು. ಹನ್ನೊಂದನೇ ಅಂತಸ್ತಿನಿಂದ ಇಳಿದು ಬಂದು ಹೋಗಲು ಮೇಸ್ತ್ರಿ ಬಿಡಬೇಕು. ಆದ್ದರಿಂದ ಏಪ್ರಿಲ್ ಬಿಸಿಲಿನಲ್ಲೂ ಅವರು ನೀರು ಕುಡಿಯುವುದಿಲ್ಲ. ಕೈಯಲ್ಲಿ ಪೈಪು ಹಿಡಿದು ಗೋಡೆಗೆ ನೀರು ಕುಡಿಸುತ್ತಾರೆ. ನೋಡಿದಾಗಲೆಲ್ಲ ನನಗೆ ಕೋಪ ಬರುತ್ತದೆ. ಬಂದು ಏನು ಮಾಡುತ್ತದೆ, ಕೂತಲ್ಲೇ ಕೂತಿರುತ್ತದೆ.

ಅಕ್ಕನಿಗೆ ಮಾತ್ರ ಈ ಕೆಲಸದ ಮೇಲೆ ದೂರಿರಲಿಲ್ಲ. ಸೀರೆಯಲ್ಲಿ ಒಂದು ಎಳೆ ತಪ್ಪಿದರೂ ಹಿಡಿಯುತ್ತಿದ್ದ ಕಣ್ಣು ಅದು. ಗೋಡೆಯ ಸಾಲು ಕೂದಲೆಳೆಯಷ್ಟು ಓರೆಯಾದರೂ ದೂರದಿಂದಲೇ ಹೇಳಿಬಿಡುತ್ತಿದ್ದರು. ಮೇಸ್ತ್ರಿ ಕೆಂಪರಾಜ್ ದಾರ ಹಿಡಿದು ನೋಡಿದರೆ ಅವರು ಹೇಳಿದ್ದೇ ಸರಿ. ಅವರಿಗಿದ್ದ ಆಸೆ ಒಂದೇ. ಮಗಳು ಬಿಂದುಶ್ರೀ ಬಿ.ಕಾಂ. ಓದುತ್ತಿದ್ದಳು. ಅವಳಿಗೆ ಇನ್ನು ಮೂರು ಸೆಮಿಸ್ಟರ್ ಬಾಕಿ. ಅಲ್ಲಿಯವರೆಗೆ ಈ ಸೈಟಿನ ಕೆಲಸ ತಪ್ಪಬಾರದು. ಊಟದ ಹೊತ್ತಿನಲ್ಲಿ ನನ್ನ ಕೋಣೆಯ ನೆರಳಿಗೆ ಬಂದು ಕೂತಾಗಲೆಲ್ಲ ಇದನ್ನೇ ಹೇಳುತ್ತಿದ್ದರು. ಮೂರು ಸೆಮಿಸ್ಟರ್ ಅಂದರೆ ಒಂದೂವರೆ ವರ್ಷ, ಅಷ್ಟರಲ್ಲಿ ಟವರೂ ಮುಗಿಯುತ್ತೆ, ನನ್ನ ಕೆಲಸವೂ ಮುಗಿಯುತ್ತೆ ಎಂದು ನಗುತ್ತಿದ್ದರು.

ಅಲ್ಲಿಯವರೆಗೆ ಹಾಜರಿ ಎಂದರೆ ನನ್ನ ಕೈಯ ನೋಟ್‌ಬುಕ್ಕು. ಯುಗಾದಿ ಆದ ಮೇಲೆ ಗೇಟಿಗೆ ಮುಖ ನೋಡುವ ಯಂತ್ರ ಬಂತು. ಆಧಾರ್ ನಂಬರ್ ಹಾಕಿದರೆ ವಯಸ್ಸು ತಾನೇ ಬರುತ್ತದೆ. ಹಸಿರು ಬಂದರೆ ಒಳಗೆ, ಕೆಂಪು ಬಂದರೆ ಹೊರಗೆ. ಐವತ್ತೈದು ದಾಟಿದವರಿಗೆ ಕೆಂಪು. ಕಂಪನಿಯ ಇನ್ನೊಂದು ಸೈಟಿನಲ್ಲಿ ಬಿಸಿಲಿಗೆ ಒಬ್ಬ ಮುದುಕ ಬಿದ್ದು ಸತ್ತಿದ್ದನಂತೆ, ವಯಸ್ಸಾಗಿತ್ತು ಎಂದು ಇನ್ಶೂರೆನ್ಸಿನವರು ಕೈಯೆತ್ತಿದ್ದರಂತೆ. ನಿಯಮ ಕೆಟ್ಟದ್ದೇನಲ್ಲ. ವಯಸ್ಸಾದವರು ಹನ್ನೊಂದು ಅಂತಸ್ತು ಹತ್ತಬಾರದು ಎಂದರೆ ಬೇಡ ಎನ್ನುವವರು ಯಾರು?

ಅಕ್ಕನ ನಂಬರ್ ಹಾಕಿದೆ. ಅರವತ್ತನಾಲ್ಕು ಎಂದು ಬಂತು, ಕೆಂಪು.

“ಮನೋಹರಪ್ಪ, ಮಿಷನ್ಗೇನೋ ಆಗೈತೆ ನೋಡು,” ಎಂದರು ಅಕ್ಕ. “ನಿನ್ನೆ ಗಂಟ ಬಂದಿವ್ನಲ್ಲ ನಾನು.”

ಯಂತ್ರಕ್ಕೆ ಏನೂ ಆಗಿಲ್ಲ ಎಂದು ವಿವರಿಸಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

“ಬರ್ದಿದ್ದು ನೀನೇ ಅಲ್ವಾ,” ಎಂದರು. “ನೀನೇ ಅಳಿಸ್ಬಿಡು.”

ಅದೇ ದಿನ ಮಧ್ಯಾಹ್ನ ಸೇಫ್ಟಿ ಆಫೀಸರ್ ಭಾನುಪ್ರಕಾಶ್ ಹತ್ತಿರ ಹೋದೆ. ಬೆಂಗಳೂರಿನ ಹುಡುಗ, ಒಳ್ಳೆಯವನೇ. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಅವನು ನಗಲೂ ಇಲ್ಲ, ಬಯ್ಯಲೂ ಇಲ್ಲ.

“ಆಕೆಗೆ ಅರವತ್ತಾಗಿಲ್ಲ ಅಂತ ನನ್ನ ಕಣ್ಣಿಗೂ ಕಾಣುತ್ತೆ, ಮನೋಹರ್,” ಎಂದ. “ಆದ್ರೆ ನಾಳೆ ಏನಾದ್ರೂ ಆದ್ರೆ ಬರೋರು ಮುಖ ನೋಡಲ್ಲ, ಕಾರ್ಡ್ ನೋಡ್ತಾರೆ. ಕಾರ್ಡ್ ಸರಿ ಮಾಡಿಸ್ಕೊಂಡು ಬರ್ಲಿ, ಅವತ್ತೇ ತಗೋತೀನಿ.”

ಕಾರ್ಡು ಸರಿ ಮಾಡಿಸಲು ಎರಡು ದಿನ ರಜೆ ಹಾಕಿ ಅಕ್ಕನನ್ನು ಬೈಕಿನಲ್ಲಿ ಕೂರಿಸಿಕೊಂಡು ತಿರುಗಿದೆ. ಹುಟ್ಟಿದ ತಾರೀಖು ಬದಲಾಯಿಸಲು ಒಂದೇ ಸಲ ಅವಕಾಶವಂತೆ. ಆ ಒಂದು ಸಲವನ್ನು ನಾನು ನಾಲ್ಕು ವರ್ಷದ ಹಿಂದೆಯೇ ಖರ್ಚು ಮಾಡಿದ್ದೆ. ಮತ್ತೆ ಬದಲಾಯಿಸಬೇಕಾದರೆ ಜನನ ಪತ್ರ ತರಬೇಕು. ಮನೆಯಲ್ಲಿ ಹೆತ್ತ ಮಗುವಿನ ಜನನ ಪತ್ರ ಯಾವ ಆಫೀಸಿನಲ್ಲಿರುತ್ತದೆ? ಶಾಲೆಯ ದಾಖಲೆ ಇದೆಯೇ ಎಂದು ಕೇಳಿದರು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಕ್ಕ ನೂಲು ಸುತ್ತುತ್ತಿದ್ದರು. ತಮ್ಮ ಬೀದಿಗೆ ಕರೆಂಟಿನ ಮಗ್ಗ ಬಂದ ವರ್ಷ ತಮಗೆ ಹಾಲುಹಲ್ಲು ಬಿದ್ದಿತ್ತು ಎಂದು ಕೌಂಟರಿನವಳಿಗೆ ಬಾಯಿ ತೆರೆದು ತೋರಿಸಿಯೂ ತೋರಿಸಿದರು. ಆ ಹುಡುಗಿ ಪಾಪ, ಕಂಪ್ಯೂಟರನ್ನು ನಮ್ಮ ಕಡೆಗೆ ತಿರುಗಿಸಿ, ನೋಡಿ, ಹಲ್ಲು ಎಂದು ಬರೆಯಲು ಜಾಗವೇ ಇಲ್ಲ ಎಂದಳು.

ಕೋರ್ಟಿನ ಆದೇಶ ತಂದರೆ ಆಗಬಹುದು ಎಂದು ಯಾರೋ ಹೇಳಿದರು. ಅದಕ್ಕೂ ಮೊದಲು ಪಿಂಚಣಿಯ ವಿಷಯ ಗೊತ್ತಿರುವ ಒಬ್ಬ ಗುಮಾಸ್ತರನ್ನು ಕೇಳೋಣ ಎಂದು ಹೋದೆವು. ಅವರು ಅಕ್ಕನನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು.

“ಸುಮ್ನಿರ್ರೀ,” ಎಂದರು. “ವಯಸ್ಸು ಇಳಿಸ್ಕೊಂಡ್ರೆ ನಾಲ್ಕು ವರ್ಷದ ಪಿಂಚಣಿ ವಾಪಸ್ ಕಟ್ಟಿ ಅಂತಾರೆ. ಆಮೇಲೆ ಅರ್ಜಿ ಬರೆದೋನು ಯಾರು ಅಂತಾನೂ ಕೇಳ್ತಾರೆ.”

ಅರ್ಜಿ ಬರೆದವನು ಅವರ ಎದುರಿಗೇ ನಿಂತಿದ್ದ. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಅಕ್ಕ ನೆನಪಾಗಲಿಲ್ಲ. ನನ್ನ ಹೆಂಡತಿ ದಿವ್ಯ, ಎರಡು ವರ್ಷದ ಮಗು, ನಾನು ಮಾಡಿಸಿದ ಇಡೀ ಬೀದಿಯ ವಯಸ್ಸು, ಇವಿಷ್ಟು ನೆನಪಾದವು. ಹೊರಗೆ ಬಂದು, ಕೋರ್ಟು ಕಚೇರಿ ಬೇಡ ಅಕ್ಕ, ತುಂಬಾ ದಿನ ಹಿಡಿಯುತ್ತೆ ಎಂದುಬಿಟ್ಟೆ. ಅಕ್ಕ ನನ್ನ ಮುಖ ನೋಡಿ, ಆಯ್ತು ಬಿಡಪ್ಪ ಎಂದರು. ಕಟ್ಟಡ ಕಾರ್ಮಿಕರ ಕಾರ್ಡಿಗೆ ಹಾಕಿದ್ದ ಅರ್ಜಿಯೂ ಅದೇ ವಾರ ತಿರಸ್ಕಾರವಾಗಿ ಬಂತು. ಅರವತ್ತು ದಾಟಿದೆಯಲ್ಲ. ಆ ಕಾರ್ಡಿನಿಂದ ಬಿಂದುಶ್ರೀಯ ಓದಿಗೆ ಸಹಾಯಧನ ಬರುತ್ತದೆ ಎಂದು ಅವರು ನಂಬಿಕೊಂಡಿದ್ದರು.

ಆಮೇಲೆ ಅಕ್ಕ ಬೆಳಿಗ್ಗೆ ಆರಕ್ಕೇ ಕೂಲಿಯವರು ನಿಲ್ಲುವ ಸರ್ಕಲ್ಲಿಗೆ ಹೋಗಿ ನಿಲ್ಲತೊಡಗಿದರು. ಅಲ್ಲಿ ಆಧಾರ್ ಕೇಳುವವರಿಲ್ಲ, ಹೆಲ್ಮೆಟ್ ಕೊಡುವವರೂ ಇಲ್ಲ. ಮನೆ ಕಟ್ಟಿಸುವವರು ಗಾಡಿ ನಿಲ್ಲಿಸಿ, ಮುಖ ನೋಡಿ, ನೀನು ಬಾ, ನೀನು ಬಾ ಎಂದು ಕರೆದುಕೊಂಡು ಹೋಗುತ್ತಾರೆ. ವಾರಕ್ಕೆ ಎರಡು ದಿನ ಸಿಕ್ಕರೆ ಹೆಚ್ಚು. ಒಂದು ದಿನ ಸೈಟಿನ ಕೆಲಸಕ್ಕೆಂದು ಬೈಕಿನಲ್ಲಿ ಹೋಗುವಾಗ ಕಂಡೆ. ಒಂಬತ್ತೂವರೆ ಆಗಿತ್ತು, ಎಲ್ಲರೂ ಹೋಗಿದ್ದರು. ಅಕ್ಕ ಬುತ್ತಿಯ ಚೀಲ ಹಿಡಿದು ಇನ್ನೂ ನಿಂತಿದ್ದರು. ಗಾಡಿ ನಿಲ್ಲಿಸದೆ ಹೊರಟುಹೋದೆ.

ಸೈಟಿನಲ್ಲಿ ಕೆಂಪರಾಜ್ ದಿನಾ ನನ್ನ ತಲೆ ತಿನ್ನುತ್ತಿದ್ದ. ಹೆಣ್ಣಾಳು ಇಲ್ಲ ಗುರು, ಗೋಡೆ ಒಣಗ್ತಾ ಐತೆ, ಎಲ್ಲಿಂದಾದ್ರೂ ಹತ್ತು ಜನ ತಂದುಕೊಡು ಎನ್ನುತ್ತಿದ್ದ. ಬೋರ್ಡು ತೋರಿಸುತ್ತಿದ್ದೆ.

ಜೂನ್ ಮೊದಲನೇ ಸೋಮವಾರ ಬೆಳಿಗ್ಗೆ ತಲೆ ಬಗ್ಗಿಸಿ ನಂಬರ್ ಹಾಕುತ್ತಿದ್ದೆ. ಕಿಟಕಿಯ ಮುಂದೆ ಹೊಸ ಆಧಾರ್ ಕಾರ್ಡು ಬಂತು. ತಲೆ ಎತ್ತಿದರೆ ಬಿಂದುಶ್ರೀ. ಚೂಡಿದಾರದ ಮೇಲೆ ಅಪ್ಪನ ತುಂಬು ತೋಳಿನ ಷರಟು ತೊಟ್ಟು, ಕೆಲಸಕ್ಕೆ ಬರುವ ಹೆಂಗಸರ ಹಾಗೆ ತಲೆಗೆ ಟವೆಲ್ ಸುತ್ತಿಕೊಂಡಿದ್ದಳು. ಅಕ್ಕ ಎರಡು ಹೆಜ್ಜೆ ಹಿಂದೆ ನಿಂತಿದ್ದರು.

ಕಾಲೇಜು ಏನಾಯಿತು ಎಂದು ಕೇಳಿದೆ. ನನ್ನ ದನಿ ಜೋರಾಯಿತೇನೋ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಿಟ್ಟಿಲ್ಲ ಅಣ್ಣ ಎಂದಳು ಬಿಂದುಶ್ರೀ. ಗಾರ್ಮೆಂಟ್ಸಿಗೆ ಸೇರಿದರೆ ರಜೆ ಕೊಡುವುದಿಲ್ಲ, ಇಲ್ಲಿ ದಿನದ ಲೆಕ್ಕ, ಪರೀಕ್ಷೆ ಬಂದಾಗ ಹೋಗಿ ಬರೆದು ಬರುತ್ತೇನೆ ಎಂದು ಸಲೀಸಾಗಿ ಹೇಳಿದಳು. ಹಾಗೆಂದು ಬಂದ ಎಷ್ಟೋ ಮಕ್ಕಳನ್ನು ಈ ಗೇಟಿನಲ್ಲಿ ನೋಡಿದ್ದೇನೆ. ಪರೀಕ್ಷೆ ಬರೆಯಲು ರಜೆ ಕೇಳಿದ ಒಬ್ಬರೂ ನೆನಪಿಲ್ಲ.

ಹೊಸಬರಿಗೆ ಮಾಡುವ ತಪಾಸಣೆಯಲ್ಲಿ ಬಿ.ಪಿ. ನೋಡಿದರು, ಸರಿಯಾಗಿತ್ತು. ಕಣ್ಣು ಸರಿಯಾಗಿತ್ತು, ತೂಕ ಒಂದಿಷ್ಟು ಕಮ್ಮಿ, ಆದರೂ ನಡೆಯುತ್ತದೆ. ಉಳಿದದ್ದು ನಾನು ತುಂಬಬೇಕಾದ ಒಂದು ಪುಟ, ಹೊಸಬರ ಹೆಸರು, ಹುಟ್ಟಿದ ತಾರೀಖು ಕಾರ್ಡು ನೋಡಿ ನಾನೇ ಹಾಕಬೇಕು. ‘ಅನರ್ಹ’ ಎಂಬಲ್ಲಿ ಒತ್ತಿದರೆ ಮುಗಿಯಿತು, ಅವಳು ವಾಪಸ್ ಹೋಗುತ್ತಾಳೆ. ಬೆರಳು ಅಲ್ಲಿಗೆ ಹೋಯಿತು ಕೂಡ. ಆದರೆ ವಾಪಸ್ ಎಲ್ಲಿಗೆ? ನಾಳೆ ಬೆಳಿಗ್ಗೆ ಆರಕ್ಕೆ ಆ ಸರ್ಕಲ್ಲಿನಲ್ಲಿ ತಾಯಿಯ ಪಕ್ಕ ನಿಲ್ಲುತ್ತಾಳೆ, ಅವಳನ್ನು ಎಲ್ಲರಿಗಿಂತ ಮೊದಲು ಕರೆದುಕೊಂಡು ಹೋಗುತ್ತಾರೆ. ಇಲ್ಲಾದರೆ ತಲೆಗೊಂದು ಹೆಲ್ಮೆಟ್ಟಾದರೂ ಇದೆ. ಒಳ್ಳೆಯದಾಗಲಿ ಎಂದು ಒಂದು ಸಲ ಸುಳ್ಳು ಬರೆದವನು ನಾನು, ಇನ್ನೊಂದು ಸಲ ಬರೆಯಲು ಧೈರ್ಯ ಬರಲಿಲ್ಲ. ಬರೆಯದಿರಲೂ ಮನಸ್ಸು ಬರಲಿಲ್ಲ. ಹಿಂದಿನ ಸಾಲು ಗೊಣಗತೊಡಗಿತು.

ಹುಟ್ಟಿದ ತಾರೀಖಿನ ಜಾಗದಲ್ಲಿ ನನ್ನ ಕೈ ನಿಂತದ್ದನ್ನು ಕಂಡು ಅಕ್ಕ ಕಿಟಕಿಯ ಹತ್ತಿರ ಬಂದರು. ನಾನೇನೋ ಯೋಚಿಸುತ್ತಿದ್ದೇನೆ, ಮತ್ತೇನಾದರೂ ಉಪಕಾರ ಮಾಡಿಬಿಡುತ್ತೇನೆ ಎಂದು ಹೆದರಿದರೇನೋ.

“ಅವ್ಳು ಹುಟ್ಟಿದ್ದು ಆಸ್ಪತ್ರೇಲಿ ಕಣಪ್ಪ,” ಎಂದರು ಮೆಲ್ಲಗೆ. “ತಾರೀಕು ಸರಿಯಾಗೈತೆ. ಇರೋದನ್ನೇ ಬರಿ.”

ಇದ್ದದ್ದನ್ನೇ ಬರೆದೆ. ಹತ್ತೊಂಬತ್ತು ಎಂದು ಬಂತು, ಹಸಿರು. ಬಿಂದುಶ್ರೀ ಹೆಲ್ಮೆಟ್ ತೊಟ್ಟುಕೊಂಡು ಒಳಗೆ ಹೋದಳು.